ಮೊದಲ ಸಹಿಗೂ ಮುಂಚಿನ ಕೆಲಸ: ಕ್ಯಾಲಿಫೋರ್ನಿಯಾದ ಊರುಗಳಲ್ಲಿ ಜನರೇ ಮತಪತ್ರಕ್ಕೆ ವಿಷಯ ತರುವ ದಾರಿ

(ಕ್ಯಾಲಿಫೋರ್ನಿಯಾದ ಕನ್ನಡಿಗರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಕ್ಯಾಲಿಫೋರ್ನಿಯಾದ ಯಾವುದೇ ಊರಿನ ಸಿಟಿ ಕೌನ್ಸಿಲ್ ಒಂದು ಕಾನೂನು ಮಾಡಲು ಒಪ್ಪದಿದ್ದರೆ, ಆ ಊರಿನ ಮತದಾರರೇ ಅದನ್ನು ಬರೆದು, ಸಹಿ ಕೂಡಿಸಿ, ಮತಪತ್ರಕ್ಕೆ ತರಬಹುದು. ಇದು ಇನಿಷಿಯೇಟಿವ್. ಕೌನ್ಸಿಲ್ ಆಗಲೇ ಮಾಡಿದ ಕಾನೂನು ಬೇಡವೆನಿಸಿದರೆ ಅದು ಜಾರಿಗೆ ಬರುವ ಮೊದಲೇ ತಡೆದು, ಜನರ ತೀರ್ಪಿಗೆ ಒಡ್ಡಬಹುದು. ಇದು ರೆಫರೆಂಡಂ. ಎರಡಕ್ಕೂ ಬಾಗಿಲು ಒಂದೇ, ಪಿಟಿಷನ್, ಅಂದರೆ ಮತದಾರರು ಸಹಿ ಹಾಕುವ ಮನವಿ. ಜನರ ಬೆಂಬಲವಿದ್ದೂ ಬಿದ್ದುಹೋದ ಪಿಟಿಷನ್‌ಗಳನ್ನು ತೆಗೆದು ನೋಡಿದರೆ, ತಪ್ಪು ಮೊದಲ ಸಹಿ ಬೀಳುವ ಮುಂಚೆಯೇ ಆಗಿರುವುದು ಮತ್ತೆ ಮತ್ತೆ ಕಾಣುತ್ತದೆ. ಕಾಗದ ಸರಿಯಿರಲಿಲ್ಲ, ಇಲ್ಲವೇ ದಿನದ ಲೆಕ್ಕ ಸರಿಯಿರಲಿಲ್ಲ. ಇಂದಿನ ಮಾತೆಲ್ಲ ಈ ಎರಡರ ಸುತ್ತಲೇ.

ಈ ಹಕ್ಕು ಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಲಾಸ್ ಏಂಜಲೀಸ್ ನಗರ 1903ರಲ್ಲೇ, ಡಾಕ್ಟರ್ ಜಾನ್ ರ್‍ಯಾಂಡಾಲ್ಫ್ ಹೇನ್ಸ್ ಅವರ ಪಟ್ಟಿನಿಂದ, ತನ್ನ ಚಾರ್ಟರ್‌ಗೆ, ಅಂದರೆ ಊರಿನದೇ ಮೂಲ ಕಾನೂನಿಗೆ, ಇದನ್ನು ಸೇರಿಸಿಕೊಂಡಿತ್ತು. ರಾಜ್ಯದ ರಾಜಕೀಯ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಹಿಡಿತದಲ್ಲಿದ್ದ ಕಾಲ ಅದು. ಆ ಹಿಡಿತ ಬಿಡಿಸುತ್ತೇನೆಂದು ಗೆದ್ದು ಬಂದ ಗವರ್ನರ್ ಹೈರಮ್ ಜಾನ್ಸನ್ ಕಾಲದಲ್ಲಿ, 1911ರ ಅಕ್ಟೋಬರ್ 10ರಂದು, ಮತದಾರರು ಇನಿಷಿಯೇಟಿವ್ ಮತ್ತು ರೆಫರೆಂಡಂಗಳನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಮಹಿಳೆಯರಿಗೆ ಮತದಾನದ ಹಕ್ಕು ಸಿಕ್ಕಿದ್ದೂ ಅದೇ ದಿನದ ಮತದಾನದಲ್ಲಿ. ಸರ್ಕಾರ ಜನರಿಗೆ ಕೊಟ್ಟ ಸವಲತ್ತಲ್ಲ, ಜನರು ತಮ್ಮಲ್ಲೇ ಉಳಿಸಿಕೊಂಡ ಅಧಿಕಾರ ಎಂದೇ ನ್ಯಾಯಾಲಯಗಳು ಇದನ್ನು ಕಾಣುತ್ತವೆ. ಹಾಗೆಂದು ಕಾಗದದ ನಿಯಮಗಳಲ್ಲಿ ಸಡಿಲ ಸಿಗುತ್ತದೆ ಎಂದುಕೊಳ್ಳಬೇಡಿ.

ಎಲ್ಲಕ್ಕೂ ಮೊದಲು ನಿಮ್ಮ ಊರು ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಫ್ರೀಮಾಂಟ್, ಕ್ಯೂಪರ್ಟಿನೊದಂಥ ಜನರಲ್ ಲಾ ಊರುಗಳಿಗೆ, ಅಂದರೆ ಸ್ವಂತ ಚಾರ್ಟರ್ ಇಲ್ಲದವಕ್ಕೆ, ರಾಜ್ಯದ ಚುನಾವಣಾ ಕಾನೂನಾದ ಎಲೆಕ್ಷನ್ಸ್ ಕೋಡ್ ನೇರವಾಗಿ ಅನ್ವಯ. ಸ್ಯಾನ್ ಹೋಸೆ, ಸನ್ನಿವೇಲ್, ಸ್ಯಾನ್ ಫ್ರಾನ್ಸಿಸ್ಕೊದಂಥ ಚಾರ್ಟರ್ ಊರುಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು. ಸಹಿಗಳ ಸಂಖ್ಯೆ, ಗಡುವು ಎರಡೂ ಬೇರೆಯಾಗಿರಬಹುದು. ಚಾರ್ಟರ್ ಊರಿನವರು ಮೊದಲು ಚಾರ್ಟರ್ ಓದಬೇಕು. ನಾನು ಇಲ್ಲಿ ಹೇಳುವುದು ಜನರಲ್ ಲಾ ಊರಿನ ದಾರಿ.

ಇನಿಷಿಯೇಟಿವ್‌ನಲ್ಲಿ ಏನು ಬೇಕಾದರೂ ಬರೆಯುವಂತಿಲ್ಲ. ಕೌನ್ಸಿಲ್‌ನ ಶಾಸನಾಧಿಕಾರದೊಳಗೆ ಬರುವ ವಿಷಯವೇ ಆಗಬೇಕು: ಜೋನಿಂಗ್ (ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ನಿಯಮ), ಬಾಡಿಗೆ ನಿಯಂತ್ರಣ, ಕನಿಷ್ಠ ಕೂಲಿ, ಬಯಲು ಜಾಗದ ರಕ್ಷಣೆ ಇಂಥವು. ಊರು ಹೇಗೆ ಬೆಳೆಯಬೇಕೆಂದು ಹೇಳುವ ಜನರಲ್ ಪ್ಲ್ಯಾನನ್ನೂ ಹೀಗೆ ತಿದ್ದಬಹುದು ಎಂದು ನಾಪಾ ಕೌಂಟಿಯ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಆದರೆ ಒಬ್ಬ ಬಿಲ್ಡರ್‌ಗೆ ಕೊಟ್ಟ ಒಂದು ಪರ್ಮಿಟ್ ರದ್ದುಮಾಡಿ, ಒಬ್ಬ ಅಧಿಕಾರಿಯನ್ನು ತೆಗೆಯಿರಿ ಎಂಬಂಥವು ಆಡಳಿತದ ಕೆಲಸ. ಅವು ಇಲ್ಲಿ ನಿಲ್ಲುವುದಿಲ್ಲ. ರಾಜ್ಯ ಶಾಸಕಾಂಗ ಒಂದು ಅಧಿಕಾರವನ್ನು ಕೌನ್ಸಿಲ್‌ಗೆ ಮಾತ್ರ ವಹಿಸಿದ್ದರೆ ಅಲ್ಲಿಯೂ ಜನರು ಕೈಹಾಕುವಂತಿಲ್ಲ. ಆದ್ದರಿಂದ ಖರ್ಚು ಮಾಡುವುದಿದ್ದರೆ ಮೊದಲ ಖರ್ಚು ಚುನಾವಣಾ ಕಾನೂನು ಬಲ್ಲ ವಕೀಲರಿಗೆ ಆಗಲಿ. ಬ್ಯಾನರು, ಅಂಗಿ, ವೆಬ್‌ಸೈಟು ಆಮೇಲೆ.

ಕರಡು ಸಿದ್ಧವಾದ ಮೇಲೆ ಸಿಟಿ ಕ್ಲರ್ಕ್ (ಊರಿನ ಚುನಾವಣೆ, ದಾಖಲೆ ನೋಡುವ ಅಧಿಕಾರಿ) ಕಚೇರಿಗೆ ಮೂರು ಕಾಗದ ಕೊಡಬೇಕು. ಒಂದು, ನೋಟಿಸ್ ಆಫ್ ಇಂಟೆಂಟ್, ಅಂದರೆ ಸಹಿ ಸಂಗ್ರಹ ಮಾಡಲಿದ್ದೇವೆ ಎಂಬ ಸೂಚನೆ. ಇದಕ್ಕೆ ಕನಿಷ್ಠ ಒಬ್ಬರು, ಹೆಚ್ಚೆಂದರೆ ಮೂವರು ಪ್ರತಿಪಾದಕರು ಸಹಿ ಹಾಕಬೇಕು. ಬೇಕಿದ್ದರೆ 500 ಪದ ಮೀರದ ಕಾರಣಗಳ ವಿವರಣೆ ಸೇರಿಸಬಹುದು. ಎರಡು, ಕಾನೂನಿನ ಪೂರ್ಣ ಪಠ್ಯ. ಮೂರು, ಶೀರ್ಷಿಕೆ ಮತ್ತು ಸಾರಾಂಶ ಬರೆದುಕೊಡಿ ಎಂಬ ಕೋರಿಕೆ. ಜೊತೆಗೆ, ಕೂಡಿಸಿದ ಸಹಿಗಳನ್ನು ಮತಪತ್ರಕ್ಕೆ ತರುವ ಕೆಲಸಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸುವುದಿಲ್ಲ ಎಂದು ಪ್ರತಿಪಾದಕರು ಸಹಿ ಮಾಡಿದ ಹೇಳಿಕೆ. ಶುಲ್ಕ 200 ಡಾಲರ್ ಮೀರುವಂತಿಲ್ಲ. ಒಂದು ವರ್ಷದೊಳಗೆ ಪಿಟಿಷನ್‌ನಲ್ಲಿ ಸಹಿ ಸಾಕಷ್ಟಿದೆ ಎಂದು ದೃಢಪಟ್ಟರೆ ಆ ಹಣ ವಾಪಸು ಬರುತ್ತದೆ.

ಊರಿನ ವಕೀಲರಾದ ಸಿಟಿ ಅಟಾರ್ನಿ 15 ದಿನಗಳೊಳಗೆ ಶೀರ್ಷಿಕೆಯನ್ನೂ 500 ಪದದೊಳಗಿನ ಸಾರಾಂಶವನ್ನೂ ಕೊಡುತ್ತಾರೆ. ಅದು ಸತ್ಯವಾಗಿ, ಯಾವ ಕಡೆಗೂ ವಾಲದೆ ಇರಬೇಕು ಎಂಬುದು ಕಾನೂನು. ಅದು ನಿಮ್ಮ ಕೈ ಸೇರಿದ ದಿನದಿಂದ 180 ದಿನಗಳ ಗಡಿಯಾರ ಓಡತೊಡಗುತ್ತದೆ. ಆದರೂ ತಕ್ಷಣ ಬೀದಿಗಿಳಿಯುವಂತಿಲ್ಲ. ನೋಟಿಸನ್ನೂ ಶೀರ್ಷಿಕೆ-ಸಾರಾಂಶವನ್ನೂ, ಆ ಊರಿನ ಮಟ್ಟಿಗೆ ನ್ಯಾಯಾಲಯದಿಂದ ಮಾನ್ಯವಾದ ಪತ್ರಿಕೆಯಲ್ಲಿ ಒಮ್ಮೆಯಾದರೂ ಪ್ರಕಟಿಸಬೇಕು. ಪ್ರಕಟವಾದ ಹತ್ತು ದಿನಗಳೊಳಗೆ ಅದರ ಪ್ರಮಾಣಪತ್ರವನ್ನು ಕ್ಲರ್ಕ್‌ಗೆ ಒಪ್ಪಿಸಬೇಕು. ಪ್ರಕಟಣೆಗೆ ಮುಂಚೆ ಹಾಕಿಸಿದ ಸಹಿ ವ್ಯರ್ಥ. ವಾರಕ್ಕೊಮ್ಮೆ ಬರುವ ಪತ್ರಿಕೆಯಾದರೆ ಜಾಹೀರಾತಿನ ಕೊನೆಯ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಇಲ್ಲದಿದ್ದರೆ 180ರಲ್ಲಿ ಹತ್ತು ದಿನ ಸುಮ್ಮನೆ ಕರಗಿಹೋಗುತ್ತದೆ.

ಇನ್ನು ಪಿಟಿಷನ್ ಎಂಬ ಕಾಗದ. ಸಹಿ ಬೀಳುವ ಪ್ರತಿಯೊಂದು ಪುಟದ ತಲೆಯಲ್ಲೂ ಶೀರ್ಷಿಕೆ-ಸಾರಾಂಶ ಇರಬೇಕು. ಸಹಿ ಕೂಡಿಸಲು ಒಯ್ಯುವ ಪುಟಗಳ ಪ್ರತಿಯೊಂದು ಕಟ್ಟಿನಲ್ಲೂ ನೋಟಿಸ್ ಆಫ್ ಇಂಟೆಂಟ್ ಮತ್ತು ಕಾನೂನಿನ ಪೂರ್ಣ ಪಠ್ಯ ಇರಬೇಕು. ಹಣ ಪಡೆದು ಸಹಿ ಕೂಡಿಸುವವರೂ ಇರಬಹುದು, ಸ್ವಯಂಸೇವಕರೂ ಇರಬಹುದು, ಕೇಳುವ ಹಕ್ಕು ನಿಮಗಿದೆ ಎಂಬ ಸಾರ್ವಜನಿಕ ಸೂಚನೆ ಇರಬೇಕು. ಅಕ್ಷರದ ಗಾತ್ರವನ್ನೂ ಕಾನೂನು ಹೇಳುತ್ತದೆ.

ಇಷ್ಟೆಲ್ಲ ಬಿಗಿ ಏಕೆ ಎಂದು ಕೇಳುವವರಿದ್ದಾರೆ. ಸಹಿ ಹಾಕುವವರು ನಿಂತ ಜಾಗದಲ್ಲೇ, ಯಾರ ಬಾಯಿಮಾತನ್ನೂ ನಂಬಬೇಕಿಲ್ಲದೆ, ತಾವು ಯಾವುದಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ಓದಿ ತಿಳಿಯುವಂತಿರಬೇಕು. ಈ ನಿಯಮಗಳು ರಕ್ಷಿಸುವುದು ಸಹಿದಾರರನ್ನು. ಆ ಕಾರಣಕ್ಕೇ ನ್ಯಾಯಾಲಯಗಳು ಇಲ್ಲಿ ಕನಿಕರ ತೋರಿಸುವುದು ಕಡಿಮೆ. ಹೇವರ್ಡ್ ಊರಿನ ಒಂದು ಇನಿಷಿಯೇಟಿವ್, ಜನರಲ್ ಪ್ಲ್ಯಾನಿನ ಕೆಲವು ಭಾಗಗಳನ್ನು ಹಾಗೇ ಉಳಿಸಬೇಕು ಎಂದು ಹೇಳಿತ್ತು, ಆದರೆ ಆ ಭಾಗಗಳ ಪಠ್ಯವನ್ನು ಪಿಟಿಷನ್‌ಗೆ ಲಗತ್ತಿಸಿರಲಿಲ್ಲ. 1998ರಲ್ಲಿ ಮರ್ವಿನ್ಸ್ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಫಾರ್ಟಿ ನೈನರ್ಸ್ ಕ್ರೀಡಾಂಗಣದ ಮೊಕದ್ದಮೆಯಲ್ಲಿ, ಇನಿಷಿಯೇಟಿವ್‌ನ ಪಿಟಿಷನ್‌ನಲ್ಲೇ ಸುಳ್ಳು ಹೇಳಿಕೆಗಳಿವೆ ಎಂಬ ಕಾರಣಕ್ಕೆ ಅದು ಮತಪತ್ರಕ್ಕೆ ಬರದಂತೆ ತಡೆಯಲಾಯಿತು. ಪೀಠಿಕೆಯಲ್ಲಿ ಆವೇಶದಿಂದ ಬರೆದ ಒಂದು ವಾಕ್ಯಕ್ಕೂ ಈ ಗತಿ ಬರಬಹುದು. ಕಾರಣಗಳನ್ನು ಹೇಳುವ ‘ನಾವು ಕಂಡುಕೊಂಡದ್ದು’ (ಫೈಂಡಿಂಗ್ಸ್) ಎಂಬ ಭಾಗದಲ್ಲಿ ಸಾಬೀತುಮಾಡಲಾಗದ ಒಂದು ಮಾತೂ ಇರಬಾರದು. ಮುದ್ರಣಕ್ಕೆ ಹೋಗುವ ಪ್ರತಿಯನ್ನು ಕ್ಲರ್ಕ್‌ಗೆ ಕೊಟ್ಟ ಪ್ರತಿಯ ಪಕ್ಕದಲ್ಲಿಟ್ಟು, ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ನೋಡಿ, ಪದಪದ ತಾಳೆಹಾಕಿ. ಹಳೆಯ ಕರಡು ಮುದ್ರಣವಾಗಿ ಹೋದರೆ ತಿದ್ದುವ ದಾರಿಯಿಲ್ಲ.

ಈಗ ಸಹಿ. ಸಹಿ ಹಾಕುವವರು ಆ ಊರಿನ ನೋಂದಾಯಿತ ಮತದಾರರಾಗಿರಬೇಕು, ಅಂದರೆ ಅಮೆರಿಕದ ಪೌರರು. ತಮ್ಮ ಹೆಸರು, ವಾಸದ ವಿಳಾಸ, ಸಹಿ, ಮೂರನ್ನೂ ತಾವೇ ಬರೆಯಬೇಕು. ನಮ್ಮ ಮನೆಗಳಲ್ಲಿ ಇಲ್ಲಿಯೇ ತೊಡಕು. ಗಂಡ ತನ್ನ ಸಾಲು ತುಂಬಿ, ಕೆಳಗಿನ ಸಾಲಿನಲ್ಲಿ ಹೆಂಡತಿಯ ಹೆಸರು-ವಿಳಾಸವನ್ನೂ ತಾನೇ ಬರೆದು, ‘ಇಲ್ಲಿ ಸಹಿ ಹಾಕು’ ಎಂದರೆ ಆ ಸಹಿ ಹೋಯಿತು. ಅವಳ ಪರವಾಗಿ ಸಹಿಯನ್ನೂ ತಾನೇ ಹಾಕಿದರೆ ಅದು ಅಪರಾಧ. ಇಂಗ್ಲಿಷ್ ಬರೆಯಲು ಬಾರದ, ಕೈ ನಡುಗುವ ಅಪ್ಪ-ಅಮ್ಮ ಪೌರತ್ವ ಪಡೆದು ಮತದಾರರಾಗಿದ್ದರೆ ಅವರನ್ನು ಬಿಟ್ಟುಬಿಡಬೇಕಿಲ್ಲ. ಬರೆಯಲಾಗದವರು ಕೇಳಿಕೊಂಡರೆ ಇನ್ನೊಬ್ಬರು ಹೆಸರು-ವಿಳಾಸ ಬರೆದುಕೊಡಬಹುದು. ಆದರೆ ಸಹಿ ಅಥವಾ ಗುರುತನ್ನು ಅವರೇ ಹಾಕಬೇಕು, ಅದಕ್ಕೆ ಒಬ್ಬ ಸಾಕ್ಷಿ ಸಹಿ ಮಾಡಬೇಕು.

ಇನಿಷಿಯಲ್ ಬಗ್ಗೆ ನಮ್ಮವರಲ್ಲಿ ಆತಂಕ ಸಹಜ, ಏಕೆಂದರೆ ಒಂದೇ ಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುತ್ತದೆ. ಮೊದಲ ಅಥವಾ ನಡುವಿನ ಹೆಸರಿನ ಜಾಗದಲ್ಲಿ ಇನಿಷಿಯಲ್ ಹಾಕಿದ ಕಾರಣಕ್ಕೇ ಸಹಿಯನ್ನು ತಿರಸ್ಕರಿಸುವಂತಿಲ್ಲ ಎಂದು ಕೋಡ್ ಸ್ಪಷ್ಟವಾಗಿ ಹೇಳುತ್ತದೆ. ನಿಜವಾಗಿ ಸಹಿಗಳನ್ನು ಕೊಲ್ಲುವುದು ವಿಳಾಸ. ಪಿಟಿಷನ್‌ನಲ್ಲಿ ಬರೆದ ವಾಸದ ವಿಳಾಸ, ಮತದಾರ ನೋಂದಣಿಯಲ್ಲಿರುವ ವಿಳಾಸಕ್ಕೆ ಹೊಂದದಿದ್ದರೆ ಸಹಿ ಲೆಕ್ಕಕ್ಕಿಲ್ಲ. ಪೋಸ್ಟ್ ಬಾಕ್ಸ್ ಸಂಖ್ಯೆ ನಡೆಯುವುದಿಲ್ಲ. ಬಾಡಿಗೆ ಮನೆ ಬದಲಿಸಿ ನೋಂದಣಿ ಬದಲಿಸದವರು ಸಿಲಿಕಾನ್ ಕಣಿವೆಯ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಇದಕ್ಕೆ ಮದ್ದೂ ಇದೆ. ಸಹಿ ಹಾಕುವ ದಿನವೇ ಅಥವಾ ಅದಕ್ಕೂ ಮುಂಚೆ ಹೊಸ ನೋಂದಣಿ ಪತ್ರಕ್ಕೆ ಸಹಿ ಮಾಡಿ, ಪಿಟಿಷನ್ ಸಲ್ಲಿಕೆಯಾಗುವ ದಿನದೊಳಗೆ ಅದು ಕೌಂಟಿ ಚುನಾವಣಾ ಕಚೇರಿಗೆ ತಲುಪಿದರೆ ಆ ಸಹಿ ಊರ್ಜಿತ. ಹೀಗಾಗಿ ಪ್ರತಿ ಮೇಜಿನ ಮೇಲೂ ಪಿಟಿಷನ್ ಪಕ್ಕದಲ್ಲಿ ನೋಂದಣಿ ಫಾರಂಗಳ ಕಟ್ಟು ಇರಲೇಬೇಕು. ‘ಇತ್ತೀಚೆಗೆ ಮನೆ ಬದಲಿಸಿದಿರಾ?’ ಎಂಬುದು ಕೇಳಬೇಕಾದ ಮೊದಲ ಪ್ರಶ್ನೆ. ‘ನೀವು ಇದೇ ಊರಿನವರಾ?’ ಎಂಬುದು ಎರಡನೆಯದು. ಪಕ್ಕದ ಊರಿನವರ ಸಹಿ ಎಷ್ಟು ಕೂಡಿದರೂ ಸೊನ್ನೆ. ಆನ್‌ಲೈನ್ ನೋಂದಣಿಯಲ್ಲಿ ಲೈಸೆನ್ಸ್ ಕೊಡುವ ಡಿಎಂವಿಯಲ್ಲಿರುವ ಸಹಿಯೇ ದಾಖಲೆಯಾಗುವುದರಿಂದ, ಲೈಸೆನ್ಸ್‌ನಲ್ಲಿರುವಂತೆ ಸಹಿ ಹಾಕಿ ಎಂದು ಹೇಳಿದರೆ ಹೊಂದಾಣಿಕೆ ಸುಲಭ. ಹಾಕಿದ ಸಹಿ ಬೇಡವೆನಿಸಿದವರು, ಪಿಟಿಷನ್ ಸಲ್ಲಿಕೆಯಾಗುವ ದಿನಕ್ಕೂ ಮುಂಚೆ ಬರಹದಲ್ಲಿ ಕೋರಿ ಅದನ್ನು ಹಿಂಪಡೆಯಬಹುದು.

ಸಹಿ ಕೂಡಿಸುವವರಿಗೆ ಇರುವ ಅರ್ಹತೆ ಬೇರೆ. 18 ವರ್ಷ ತುಂಬಿದ್ದರೆ ಸಾಕು. ಮತದಾರರಾಗಿರಬೇಕಿಲ್ಲ, ಅದೇ ಊರಿನಲ್ಲಿ ವಾಸವಾಗಿರಬೇಕೆಂದೂ ಇಲ್ಲ. ಗ್ರೀನ್ ಕಾರ್ಡ್ ಹೊಂದಿದವರು, ವೀಸಾದಲ್ಲಿ ಇರುವವರು ಸಹಿ ಹಾಕುವಂತಿಲ್ಲ, ಆದರೆ ಸ್ವಯಂಸೇವಕರಾಗಿ ಸಹಿ ಕೂಡಿಸಲು ಎಲೆಕ್ಷನ್ಸ್ ಕೋಡ್ ಅಡ್ಡಿಮಾಡುವುದಿಲ್ಲ. ಸಂಬಳಕ್ಕೆ ಮಾಡುವುದು ಬೇರೆ ವಿಷಯ; ಎಚ್-1ಬಿ ವೀಸಾದವರು ಆ ದಾರಿ ಹಿಡಿಯಬಾರದು. ದೇಣಿಗೆಯ ವಿಷಯದಲ್ಲೂ ವಿದೇಶಿ ಪ್ರಜೆಗಳಿಗೆ ಪ್ರತ್ಯೇಕ ನಿರ್ಬಂಧಗಳಿವೆ, ಹಣ ಕೊಡುವ ಮುಂಚೆ ವಕೀಲರನ್ನು ಕೇಳಿ. ವರ್ಷಗಟ್ಟಲೆ ಒಂದು ಊರಿನಲ್ಲಿ ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸಿ, ಮತವಿಲ್ಲದೆ ಕಾಯುತ್ತಿರುವ ನಮ್ಮ ಸಾವಿರಾರು ಜನರಿಗೆ ಸ್ಥಳೀಯ ಪ್ರಜಾಪ್ರಭುತ್ವದಲ್ಲಿ ನೇರವಾಗಿ ಕೈಜೋಡಿಸಲು ತೆರೆದಿರುವ ಕೆಲವೇ ಬಾಗಿಲುಗಳಲ್ಲಿ ಇದೊಂದು. ಇದು ಹೆಚ್ಚು ಜನರಿಗೆ ತಿಳಿಯಲಿ ಎಂಬುದು ನನ್ನ ಆಸೆ.

ಪ್ರತಿ ಕಟ್ಟಿನ ಕೊನೆಯಲ್ಲಿ ಸಹಿ ಕೂಡಿಸಿದವರ ಘೋಷಣೆ ಇರುತ್ತದೆ. ತಮ್ಮ ಹೆಸರು, ವಾಸದ ವಿಳಾಸ, ಯಾವ ದಿನದಿಂದ ಯಾವ ದಿನದವರೆಗೆ ಸಹಿ ಕೂಡಿಸಿದರು ಎಂಬುದನ್ನು ಸ್ವಂತ ಕೈಬರಹದಲ್ಲಿ ಬರೆದು, ಪ್ರತಿ ಸಹಿಯೂ ತಮ್ಮ ಕಣ್ಣೆದುರೇ ಬಿದ್ದದ್ದು ಎಂದು ಪ್ರಮಾಣ ಮಾಡಬೇಕು. ದಿನಾಂಕ ಬಿಟ್ಟುಹೋದರೆ ಆ ಕಟ್ಟಿನ ಎಲ್ಲ ಸಹಿಗಳೂ ಅಪಾಯದಲ್ಲಿ. ದೇವಸ್ಥಾನದ ಪ್ರಸಾದದ ಮೇಜಿನ ಮೇಲೆ, ಇಂಡಿಯನ್ ಅಂಗಡಿಯ ಕೌಂಟರ್ ಮೇಲೆ ಕಾಗದ ಇಟ್ಟು ಬಂದು, ಸಂಜೆ ಹೋಗಿ ತೆಗೆದುಕೊಂಡು ಸಹಿ ಮಾಡುವುದು ಸುಳ್ಳು ಪ್ರಮಾಣ. ಯಾರಾದರೂ ಪಕ್ಕದಲ್ಲಿ ಕೂತಿರಲೇಬೇಕು. ಕನ್ನಡ ಕೂಟದಂಥ, ತೆರಿಗೆ ವಿನಾಯಿತಿಯ 501(ಸಿ)(3) ಅಡಿ ನೋಂದಾಯಿತ ಸಂಸ್ಥೆಗಳು ಅಭ್ಯರ್ಥಿಗಳ ಪರ ನಿಲ್ಲುವಂತಿಲ್ಲ. ಆದರೆ ಇಂಥ ವಿಷಯಗಳ ಪರ ಅಥವಾ ವಿರೋಧ ಮಿತವಾಗಿ ಕೆಲಸ ಮಾಡಬಹುದು, ಅದು ಲಾಬಿಯಿಂಗ್ (ಕಾನೂನಿನ ಮೇಲೆ ಪ್ರಭಾವ ಬೀರುವ ಕೆಲಸ) ಲೆಕ್ಕಕ್ಕೆ ಬರುತ್ತದೆ.

ಎಲ್ಲಿ ನಿಲ್ಲಬಹುದು? ಪಾರ್ಕು, ಪಾದಚಾರಿ ದಾರಿ, ಗ್ರಂಥಾಲಯದ ಹೊರಗೆ ಸರಿ. ದೊಡ್ಡ ಶಾಪಿಂಗ್ ಸೆಂಟರ್‌ಗಳ ವಿಷಯದಲ್ಲಿ ಕ್ಯಾಲಿಫೋರ್ನಿಯಾಕ್ಕೆ ವಿಶೇಷವಾದ ಹಕ್ಕೊಂದಿದೆ, ಅದು ಹುಟ್ಟಿದ್ದು ಸ್ಯಾನ್ ಹೋಸೆ ಪಕ್ಕದ ಕ್ಯಾಂಪ್‌ಬೆಲ್‌ನ ಪ್ರೂನ್‌ಯಾರ್ಡ್‌ನಲ್ಲಿ. ಅಲ್ಲಿ ಸಹಿ ಕೂಡಿಸುತ್ತಿದ್ದ ಹೈಸ್ಕೂಲ್ ವಿದ್ಯಾರ್ಥಿಗಳನ್ನು ಹೊರಗೆ ಕಳಿಸಿದ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1979ರಲ್ಲಿ ವಿದ್ಯಾರ್ಥಿಗಳ ಪರ ತೀರ್ಪು ಕೊಟ್ಟಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಶಾಪಿಂಗ್ ಸೆಂಟರಿನವರು ಸಮಯ, ಜಾಗಗಳ ಬಗ್ಗೆ ನ್ಯಾಯವಾದ ನಿಯಮ ಮಾಡಬಹುದು, ಪೂರ್ತಿ ತಡೆಯುವಂತಿಲ್ಲ. ಒಂಟಿ ಅಂಗಡಿಯ ಬಾಗಿಲಿಗೆ ಈ ಹಕ್ಕು ಅನ್ವಯಿಸುವುದಿಲ್ಲ ಎಂದು ನಂತರದ ತೀರ್ಪುಗಳು ಹೇಳಿವೆ, ಅಲ್ಲಿ ಅಂಗಡಿಯವರ ಒಪ್ಪಿಗೆ ಪಡೆಯಿರಿ.

ಎಷ್ಟು ಸಹಿ ಬೇಕು? ಊರಿನ ನೋಂದಾಯಿತ ಮತದಾರರ ಶೇ. 10. ಎಷ್ಟು ಮತದಾರರಿದ್ದಾರೆ ಎಂಬುದನ್ನು, ನೋಟಿಸ್ ಪ್ರಕಟವಾದ ಹೊತ್ತಿಗೆ ಚಾಲ್ತಿಯಲ್ಲಿದ್ದ ಕೌಂಟಿಯ ನೋಂದಣಿ ವರದಿ ಹೇಳುತ್ತದೆ. 1,000 ಅಥವಾ ಅದಕ್ಕಿಂತ ಕಡಿಮೆ ಮತದಾರರಿರುವ ಪುಟ್ಟ ಊರಿನಲ್ಲಿ ಶೇ. 25 ಅಥವಾ 100 ಜನ, ಯಾವುದು ಕಡಿಮೆಯೋ ಅದು. ಕೌಂಟಿ ಮಟ್ಟದಲ್ಲಿ ಲೆಕ್ಕ ಬೇರೆ: ಹಿಂದಿನ ಗವರ್ನರ್ ಚುನಾವಣೆಯಲ್ಲಿ ಆ ಕೌಂಟಿಯಲ್ಲಿ ಬಿದ್ದ ಮತಗಳ ಶೇ. 10.

60,000 ಮತದಾರರ ಊರು ಎಂದುಕೊಳ್ಳೋಣ. ಬೇಕಾದದ್ದು 6,000 ಊರ್ಜಿತ ಸಹಿ. 8,400 ಸಹಿ ಸಲ್ಲಿಸಿದಿರಿ. 500ಕ್ಕಿಂತ ಹೆಚ್ಚು ಸಹಿ ಇದ್ದರೆ ಕ್ಲರ್ಕ್ ಮಾದರಿ ಪರೀಕ್ಷೆ ಮಾಡಬಹುದು: 500 ಅಥವಾ ಶೇ. 3, ಯಾವುದು ಹೆಚ್ಚೋ ಅಷ್ಟು ಸಹಿಗಳನ್ನು ಎಲ್ಲಿಂದೆಲ್ಲಿಂದಲೋ ಆಯ್ದು ನೋಡುತ್ತಾರೆ. ಇಲ್ಲಿ 500. ಅಂದರೆ ಮಾದರಿಯ ಒಂದೊಂದು ಸಹಿಯೂ 16.8 ಸಹಿಗಳನ್ನು ಪ್ರತಿನಿಧಿಸುತ್ತದೆ. 380 ಊರ್ಜಿತವೆಂದಾದರೆ 6,384. ಗೆದ್ದೆವು ಎನಿಸುತ್ತದೆ. ಆದರೆ ಆ 500ರಲ್ಲಿ ಇಬ್ಬರು ಎರಡೆರಡು ಸಲ ಸಹಿ ಹಾಕಿದ್ದು ಸಿಕ್ಕಿತೆನ್ನಿ. ಇಷ್ಟು ಚಿಕ್ಕ ಮಾದರಿಯಲ್ಲಿ ಒಂದು ಜೋಡಿ ಸಿಕ್ಕಿದರೆ ಇಡೀ ರಾಶಿಯಲ್ಲಿ ಅಂಥವು ಬಹಳ ಇರಬೇಕು ಎಂಬುದು ಸಂಖ್ಯಾಶಾಸ್ತ್ರದ ತರ್ಕ. ಆದ್ದರಿಂದ ಪ್ರತಿ ಪುನರಾವರ್ತನೆಗೆ 16.8ನ್ನು 15.8ರಿಂದ ಗುಣಿಸಿ, ಸುಮಾರು 265 ಸಹಿ ಕಳೆಯುತ್ತಾರೆ. ಎರಡಕ್ಕೆ 531. ಉಳಿದದ್ದು 5,853. ಅಗತ್ಯದ ಶೇ. 95ಕ್ಕಿಂತ ಕಡಿಮೆಯಾದರೆ ಪಿಟಿಷನ್ ಅಲ್ಲಿಗೇ ಮುಗಿಯಿತು, ಶೇ. 110 ಮೀರಿದರೆ ಅಲ್ಲಿಗೇ ಗೆದ್ದಿತು, ನಡುವೆ ಬಿದ್ದರೆ ಒಂದೊಂದು ಸಹಿಯನ್ನೂ ನೋಡಬೇಕು. ನಮ್ಮ ಉದಾಹರಣೆ ನಡುವೆಯೇ ಬೀಳುತ್ತದೆ. ‘ಆಗಲೇ ಹಾಕಿದ್ದೇನೋ ಇಲ್ಲವೋ ನೆನಪಿಲ್ಲ, ಇನ್ನೊಮ್ಮೆ ಹಾಕುತ್ತೇನೆ’ ಎನ್ನುವ ಒಳ್ಳೆಯ ಮನಸ್ಸಿನವರೇ ಪಿಟಿಷನ್‌ಗೆ ಹೆಚ್ಚು ಹಾನಿ ಮಾಡುವವರು ಎಂದು ನಾನು ಒತ್ತಿ ಹೇಳುವುದು ಈ ಗುಣಾಕಾರದ ಕಾರಣಕ್ಕೆ. ನೆನಪಿಲ್ಲದವರಿಂದ ಸಹಿ ಪಡೆಯಬೇಡಿ. ವಾರಕ್ಕೊಮ್ಮೆ ಕಾಗದಗಳನ್ನು ಮತದಾರರ ಪಟ್ಟಿಯೊಡನೆ ತಾಳೆನೋಡಿ, ಎರಡು ಸಲ ಬಂದದ್ದನ್ನು ಸಲ್ಲಿಸುವ ಮುಂಚೆಯೇ ಹೊಡೆದುಹಾಕಿ. ಎಲ್ಲ ಕಟ್ಟುಗಳನ್ನೂ ಒಂದೇ ಸಲಕ್ಕೆ ಸಲ್ಲಿಸಬೇಕು. ‘ಉಳಿದದ್ದು ನಾಳೆ’ ಎಂಬುದಿಲ್ಲ.

ದಿನದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. 2026ರ ನವೆಂಬರ್ 3ರ ಚುನಾವಣೆಯನ್ನೇ ತೆಗೆದುಕೊಳ್ಳಿ. ಕೌನ್ಸಿಲ್‌ನ ಆದೇಶ ಚುನಾವಣೆಗೆ ಕನಿಷ್ಠ 88 ದಿನ ಮುಂಚೆ, ಅಂದರೆ ಆಗಸ್ಟ್ 7ರೊಳಗೆ ಆಗಿರಬೇಕು. ಸಹಿ ಸಾಕಷ್ಟಿದೆ ಎಂದು ದೃಢವಾದಾಗ ಕೌನ್ಸಿಲ್ ಮುಂದೆ ಮೂರು ದಾರಿ: ಒಂದಕ್ಷರ ಬದಲಿಸದೆ ಕಾನೂನನ್ನು ತಾನೇ ಅಂಗೀಕರಿಸುವುದು, ಮತದಾರರ ಮುಂದಿಡುವುದು, ಇಲ್ಲವೇ ಪರಿಣಾಮಗಳ ವರದಿ ಕೇಳುವುದು. ವರದಿಗೆ 30 ದಿನ, ಅದು ಬಂದ ಮೇಲೆ ತೀರ್ಮಾನಕ್ಕೆ 10 ದಿನ. ಸಹಿ ಪರೀಕ್ಷೆಗೆ ಶನಿವಾರ, ಭಾನುವಾರ, ರಜಾದಿನ ಬಿಟ್ಟು 30 ದಿನ. ಪೂರ್ತಿ ಎಣಿಕೆಯಾದರೆ ಸಲ್ಲಿಸಿದ ದಿನದಿಂದ ಅಂಥ 60 ದಿನ, ಅಂದರೆ 12 ವಾರಕ್ಕೂ ಹೆಚ್ಚು. ಇವೆಲ್ಲ ಕೂಡಿದರೆ ಮಾರ್ಚ್ ಮುಗಿಯುವುದರೊಳಗೆ ಸಲ್ಲಿಸಿದವರಿಗೆ ಮಾತ್ರ ನೆಮ್ಮದಿ. ಜೂನ್‌ನಲ್ಲಿ ಸಲ್ಲಿಸಿದವರ ವಿಷಯ, ಸಹಿಯೆಲ್ಲ ಸರಿಯಿದ್ದರೂ, ಮುಂದಿನ ಸಾಮಾನ್ಯ ಚುನಾವಣೆಗೆ ಜಾರಬಹುದು; ಕೌನ್ಸಿಲ್ ತಾನಾಗಿ ವಿಶೇಷ ಚುನಾವಣೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ರೆಫರೆಂಡಂಗೆ ಇಷ್ಟು ಹೊತ್ತಿಲ್ಲ. ಕೌನ್ಸಿಲ್‌ನ ಕಾನೂನನ್ನು ಕ್ಲರ್ಕ್ ದೃಢೀಕರಿಸಿದ 30 ದಿನಗಳೊಳಗೆ, ಕಚೇರಿಯ ವೇಳೆಯಲ್ಲೇ, ಅದೇ ಶೇ. 10 ಸಹಿ ಸಲ್ಲಿಸಬೇಕು. ನೋಟಿಸ್ ಬೇಡ, ಶೀರ್ಷಿಕೆ-ಸಾರಾಂಶ ಬೇಡ. ಆದರೆ ವಿರೋಧಿಸುವ ಕಾನೂನಿನ ಪೂರ್ಣ ಪಠ್ಯ, ಲಗತ್ತುಗಳೂ ನಕ್ಷೆಗಳೂ ಸೇರಿ, ಪ್ರತಿ ಕಟ್ಟಿನಲ್ಲೂ ಇರಬೇಕು. ನೂರಾರು ಪುಟವಾದರೂ ಬಿಡುವಂತಿಲ್ಲ. ತುರ್ತು ಕಾನೂನು, ತೆರಿಗೆ ವಿಧಿಸುವ ಕಾನೂನುಗಳ ಮೇಲೆ ರೆಫರೆಂಡಂ ನಡೆಯುವುದಿಲ್ಲ. ಸಹಿ ಸಾಕಾದರೆ ಕಾನೂನು ಅಲ್ಲಿಗೇ ನಿಲ್ಲುತ್ತದೆ, ಕೌನ್ಸಿಲ್ ಅದನ್ನು ರದ್ದು ಮಾಡಬೇಕು ಅಥವಾ ಜನರ ಮುಂದಿಡಬೇಕು. ಕ್ಯೂಪರ್ಟಿನೊದ ವಾಲ್ಕೊ ಮಾಲ್ ಜಾಗದ ವಿಷಯದಲ್ಲಿ ಈ ಎರಡೂ ದಾರಿಗಳು ಬಳಕೆಯಾದವು. 2016ರ ನವೆಂಬರ್‌ನಲ್ಲಿ ನಿವಾಸಿಗಳ ಮೆಷರ್ ಸಿ, ಬಿಲ್ಡರ್ ಕಡೆಯ ಮೆಷರ್ ಡಿ, ಎರಡು ಇನಿಷಿಯೇಟಿವ್‌ಗಳು ಒಂದೇ ಮತಪತ್ರದಲ್ಲಿ ಎದುರುಬದುರು ನಿಂತು ಎರಡೂ ಸೋತವು. 2018ರಲ್ಲಿ ಕೌನ್ಸಿಲ್ ಒಪ್ಪಿದ ಯೋಜನೆಯ ವಿರುದ್ಧ ರೆಫರೆಂಡಂ ಪಿಟಿಷನ್‌ಗಳು ಬಂದ ಮೇಲೆ, 2019ರಲ್ಲಿ ಹೊಸ ಕೌನ್ಸಿಲ್ ಅದನ್ನು ಹಿಂಪಡೆಯಿತು.

ಹಣದ ಲೆಕ್ಕವನ್ನು ಚಿಕ್ಕದಾಗಿ ಹೇಳುತ್ತೇನೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ 2,000 ಡಾಲರ್ ದೇಣಿಗೆ ಸೇರಿದೊಡನೆ ನೀವು ಸಮಿತಿಯಾಗುತ್ತೀರಿ. 10 ದಿನಗಳೊಳಗೆ ಸಮಿತಿ ನೋಂದಣಿಯ ಫಾರಂ 410, ಆಮೇಲೆ ಕಾಲಕಾಲಕ್ಕೆ ಜಮಾ-ಖರ್ಚಿನ ಫಾರಂ 460 ಸಲ್ಲಿಸಬೇಕು. ಖಜಾಂಚಿಯನ್ನು ಮೊದಲ ದಿನವೇ ನೇಮಿಸಿ.

ಸಹಿ ಸಾಲದೆ ಪಿಟಿಷನ್ ಬಿದ್ದರೆ ಪ್ರತಿಪಾದಕರಿಗೆ ಒಂದು ಹಕ್ಕಿದೆ. ಪಿಟಿಷನ್ ಕಾಗದಗಳು ಸಾರ್ವಜನಿಕ ದಾಖಲೆಯಲ್ಲ, ಯಾರು ಸಹಿ ಹಾಕಿದರು ಎಂದು ನೆರೆಯವರು ಹೋಗಿ ನೋಡುವಂತಿಲ್ಲ. ಆದರೆ ಸಹಿ ಸಾಲದೆಂದು ತೀರ್ಮಾನವಾದ 21 ದಿನಗಳೊಳಗೆ ಪ್ರತಿಪಾದಕರು ಹೋಗಿ, ಯಾವ ಸಹಿ ಏಕೆ ಬಿತ್ತು ಎಂದು ಪರಿಶೀಲಿಸಲು ತೊಡಗಬಹುದು. ತಪ್ಪಾಗಿ ತಿರಸ್ಕೃತವಾದ ಸಹಿಗಳು ಸಿಕ್ಕಿದರೆ ನ್ಯಾಯಾಲಯದ ದಾರಿಯಿದೆ. ಸಲ್ಲಿಸುವ ಮುಂಚೆ ನೀವೇ ತಾಳೆನೋಡಿದ ಪಟ್ಟಿ ಇದ್ದರೆ ಈ ಕೆಲಸ ಬೇಗ ಆಗುತ್ತದೆ.

ಮತಪತ್ರಕ್ಕೆ ಬಂದ ಮೇಲೆ ಪರ-ವಿರೋಧದ ವಾದಗಳಿಗೆ ತಲಾ 300 ಪದ, ಪ್ರತಿವಾದಕ್ಕೆ 250. ಇವೇ ಪ್ರತಿ ಮತದಾರರ ಮನೆಗೆ ಹೋಗುವ ಮಾತುಗಳಾದ್ದರಿಂದ ಸಲ್ಲಿಕೆಯ ಗಡುವನ್ನು ಕ್ಲರ್ಕ್‌ನಿಂದ ಬರಹದಲ್ಲಿ ಪಡೆಯಿರಿ. ಬಹುಮತ ಬಂದರೆ, ಕೌನ್ಸಿಲ್ ಫಲಿತಾಂಶ ಘೋಷಿಸಿದ 10 ದಿನಕ್ಕೆ ಕಾನೂನು ಜಾರಿಯಾಗುತ್ತದೆ. ಕಾನೂನಿನಲ್ಲೇ ಬೇರೆ ಹೇಳಿರದಿದ್ದರೆ, ಜನರು ಮಾಡಿದ ಕಾನೂನನ್ನು ಕೌನ್ಸಿಲ್ ಮುಟ್ಟುವಂತಿಲ್ಲ. ತಿದ್ದಲು ಮತ್ತೆ ಜನರ ಮತವೇ ಬೇಕು. ಇದು ಬಲವೂ ಹೌದು, ತೊಡಕೂ ಹೌದು. ಐದು ವರ್ಷದ ನಂತರ ಒಂದು ಅಳತೆ ತಪ್ಪೆಂದು ಕಂಡರೂ ಮತ್ತೊಂದು ಚುನಾವಣೆ ಮಾಡಬೇಕಾಗುತ್ತದೆ. ಆದ್ದರಿಂದ, ಯಾವ ಭಾಗವನ್ನು ಕೌನ್ಸಿಲ್ ತಾನೇ ತಿದ್ದಬಹುದು, ಯಾವುದನ್ನು ಜನರು ಮಾತ್ರ ತಿದ್ದಬೇಕು, ಕಾನೂನು ಎಷ್ಟು ವರ್ಷಕ್ಕೆ ತಾನಾಗಿ ಮುಗಿಯಬೇಕು ಎಂಬುದನ್ನು ಕರಡಿನಲ್ಲೇ ಬರೆದಿಡಿ. ಶೀರ್ಷಿಕೆ-ಸಾರಾಂಶಕ್ಕೆ ಕೊಟ್ಟ ಮೇಲೆ ಆ ಸಾಲನ್ನು ಸೇರಿಸಬೇಕೆಂದರೆ ನೋಟಿಸ್‌ನಿಂದ ಮತ್ತೆ ಶುರುಮಾಡಬೇಕು.